ಕೋಟಿ ಕೊಡದೆ ಪುಸ್ತಕ ಕೊಟ್ಟ 'ಥಟ್ ಅಂತ ಹೇಳಿ'

2000ದ ಜುಲೈನಲ್ಲಿ ಸ್ಟಾರ್ ಪ್ಲಸ್‌ನಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಶುರುವಾಯಿತು. ಅಮಿತಾಭ್ ಬಚ್ಚನ್ ಎದುರು ಕೂತು 15 ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರೆ 1 ಕೋಟಿ ರೂಪಾಯಿ. ಹಿಂದಿ ಅರ್ಧಂಬರ್ಧ ಅರ್ಥವಾಗುತ್ತಿದ್ದವರೂ ಬಾಯಿ ಬಿಟ್ಟುಕೊಂಡು ನೋಡಿದರು.

ಅದಾಗಿ ಒಂದೂವರೆ ವರ್ಷಕ್ಕೆ, 2002ರ ಜನವರಿಯಲ್ಲಿ, ದೂರದರ್ಶನದ ಚಂದನ ವಾಹಿನಿಯಲ್ಲಿ ಇನ್ನೊಂದು ಕ್ವಿಜ್ ಬಂತು. ಹೆಸರು 'ಥಟ್ ಅಂತ ಹೇಳಿ'. ಇಲ್ಲಿ ಕೋಟಿ ಇರಲಿಲ್ಲ, ಸಾವಿರವೂ ಇರಲಿಲ್ಲ. ಸರಿ ಉತ್ತರ ಹೇಳಿದರೆ ಒಂದು ಕನ್ನಡ ಪುಸ್ತಕ, ಅಷ್ಟೇ. ಪುಸ್ತಕಕ್ಕೋಸ್ಕರ ಯಾರು ಬರುತ್ತಾರೆ ಅಂತ ಅಂದು ಯಾರಾದರೂ ಕೇಳಿದ್ದರೆ ತಪ್ಪೇನೂ ಇರಲಿಲ್ಲ. ಆದರೆ ಆ ಕಾರ್ಯಕ್ರಮ 3000 ಕಂತು ದಾಟಿತು.

ನಡೆಸಿಕೊಟ್ಟವರು ಡಾ. ನಾ. ಸೋಮೇಶ್ವರ. ಓದಿದ್ದು ವೈದ್ಯಕೀಯ. ಆರೋಗ್ಯ, ವಿಜ್ಞಾನದ ವಿಷಯಗಳನ್ನು ಸರಳ ಕನ್ನಡದಲ್ಲಿ ಬರೆದವರು. ಅವರ ಮಾತಿನಲ್ಲಿ ಅಬ್ಬರ ಇರಲಿಲ್ಲ. ಮೇಷ್ಟ್ರ ಥರ ಗದರುತ್ತಲೂ ಇರಲಿಲ್ಲ. ಉತ್ತರ ತಪ್ಪಾದರೆ ಸರಿ ಉತ್ತರ ಹೇಳಿ, ಅದರ ಹಿಂದಿನ ವಿಷಯವನ್ನೂ ನಾಲ್ಕು ಮಾತಲ್ಲಿ ತಿಳಿಸುತ್ತಿದ್ದರು. ಹಾಗಾಗಿ ಸೋತವರ ಜೊತೆ ಮನೆಯಲ್ಲಿ ಕೂತವರಿಗೂ ಏನೋ ಒಂದು ಸಿಗುತ್ತಿತ್ತು.

ಇದು ಯಾಕೆ ದೊಡ್ಡ ವಿಷಯ? ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ನಮ್ಮ ದೇಶದಲ್ಲಿ ಕ್ವಿಜ್ ಬೆಳೆದದ್ದು ಇಂಗ್ಲಿಷಿನಲ್ಲಿ. ಬೋರ್ನ್‌ವಿಟಾ ಕ್ವಿಜ್ ರೇಡಿಯೋದಲ್ಲಿ ಬಂದಾಗಲೂ, 1985ರಲ್ಲಿ ಸಿದ್ಧಾರ್ಥ ಬಸು ದೂರದರ್ಶನದಲ್ಲಿ 'ಕ್ವಿಜ್ ಟೈಮ್' ನಡೆಸಿದಾಗಲೂ ಅದು ಇಂಗ್ಲಿಷ್ ಬಲ್ಲವರ ಆಟ. ಸರ್ಕಾರಿ ಕನ್ನಡ ಶಾಲೆಯ ಹುಡುಗನಿಗೆ ಉತ್ತರ ಗೊತ್ತಿದ್ದರೂ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. 'ಥಟ್ ಅಂತ ಹೇಳಿ' ಆ ಗೋಡೆ ಒಡೆಯಿತು. ವಚನ, ಗಾದೆ, ಊರು, ಹೊಳೆ, ವಿಜ್ಞಾನ ಎಲ್ಲವೂ ಕನ್ನಡದಲ್ಲೇ.

ಹಳ್ಳಿಗೆ ಅದು ತಲುಪಿದ ದಾರಿಯನ್ನೂ ನೆನೆಯಬೇಕು. ದೂರದರ್ಶನದ ವಾಹಿನಿಗಳನ್ನು ಕೇಬಲ್‌ನವರು ತೋರಿಸಲೇಬೇಕೆಂದು ಕಾನೂನಿತ್ತು. ಹಾಗಾಗಿ ಕೇಬಲ್ ಇದ್ದ ಮನೆಗಳಲ್ಲಿ ಚಂದನ ಸಿಗುತ್ತಿತ್ತು. ಕೇಬಲ್ ಎಳೆಯದ ಊರುಗಳಿಗೆ 2004ರ ಡಿಸೆಂಬರ್ ನಂತರ ದೂರದರ್ಶನದ ಉಚಿತ ಡಿಶ್ ಬಂತು. ಒಂದು ಸಲ ದುಡ್ಡು ಕೊಟ್ಟು ಹಾಕಿಸಿದರೆ ತಿಂಗಳ ಬಾಡಿಗೆ ಇಲ್ಲ. ಹಂಚಿನ ಮನೆ ಮೇಲೂ ಡಿಶ್ ಕಂಡಿತು.

ನಮ್ಮೂರಲ್ಲಿ ನಾವು ನೋಡುತ್ತಿದ್ದದ್ದು ಪಕ್ಕದ ಮನೆಯ ಜಗಲಿಯಲ್ಲಿ ಕೂತು. ಕರೆಂಟು ಇದ್ದ ದಿನ ಮಾತ್ರ. ನಮ್ಮಜ್ಜಿ ಹೆಬ್ಬೆಟ್ಟು ಒತ್ತುವವಳು. ಆದರೆ ಅರ್ಧ ಗಾದೆ ಕೇಳಿದರೆ ಸಾಕು, ಟಿವಿಯಲ್ಲಿ ಕೂತವರು ಯೋಚನೆ ಮಾಡುವುದರೊಳಗೆ ಉಳಿದರ್ಧ ಹೇಳಿ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಾಲೇಜು ಓದಿದ ಚಿಕ್ಕಪ್ಪ ಸುಮ್ಮನೆ ಕೂತಿರುತ್ತಿದ್ದ. ತಿಳುವಳಿಕೆ ಅಂದರೆ ಬರೀ ಮಾರ್ಕ್ಸ್ ಕಾರ್ಡ್ ಅಲ್ಲ ಅಂತ ನನಗೆ ಮೊದಲು ಗೊತ್ತಾದದ್ದು ಆ ಜಗಲಿಯಲ್ಲಿ.

ಇನ್ನೊಂದು ಲಾಭವೂ ಇತ್ತು. ಪುಸ್ತಕದಂಗಡಿ ಇಲ್ಲದ ಊರಿನವರಿಗೆ ಪುಸ್ತಕದ ಹೆಸರು, ಬರೆದವರ ಹೆಸರು ಕಿವಿಗೆ ಬೀಳುತ್ತಿತ್ತು. ಹೆಸರು ಗೊತ್ತಿದ್ದರೆ ತಾನೇ ಹುಡುಕುವುದು?

2012ರಲ್ಲಿ ಕೋಟಿಯ ಆಟವೂ ಕನ್ನಡಕ್ಕೆ ಬಂತು. ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಾಧಿಪತಿ' ನಡೆಸಿದರು. ಜನ ಪ್ರೀತಿಯಿಂದ ನೋಡಿದರು, ಅಪ್ಪು ನಗುವಿಗೆ ಸೋಲದವರು ಯಾರು? ಬಡವನೊಬ್ಬ ಅಲ್ಲಿ ಲಕ್ಷ ಗೆದ್ದರೆ ಸಾಲ ತೀರುತ್ತಿತ್ತು. ಪುಸ್ತಕದಿಂದ ಸಾಲ ತೀರುವುದಿಲ್ಲ, ಅದನ್ನು ಒಪ್ಪಬೇಕು. ಆದರೆ ದುಡ್ಡಿನ ಆಟದಲ್ಲಿ ನೋಡುವವನ ಕಣ್ಣು ಮೊತ್ತದ ಮೇಲೆ ಇರುತ್ತದೆ. ಪುಸ್ತಕದ ಆಟದಲ್ಲಿ ಕಣ್ಣು ಪ್ರಶ್ನೆಯ ಮೇಲೇ ಇರುತ್ತದೆ.

ಈಗ ಕ್ವಿಜ್ ನಮ್ಮ ಕೈಯಲ್ಲಿನ ಫೋನಿಗೆ ಬಂದಿದೆ, ಮೋಸವೂ ಜೊತೆಗೇ ಬಂದಿದೆ. 'ಕೆಬಿಸಿಯಿಂದ ನಿಮಗೆ 25 ಲಕ್ಷ ಲಾಟರಿ ಹೊಡೆದಿದೆ' ಎಂಬ ವಾಟ್ಸಾಪ್ ಮೆಸೇಜು, ಆಡಿಯೋ ನಿಮಗೂ ಬಂದಿರಬಹುದು. ಅದು ಶುದ್ಧ ವಂಚನೆ. ಮೊದಲು ಟ್ಯಾಕ್ಸ್ ಕಟ್ಟಿ, ಫೀಸು ಕಟ್ಟಿ ಅನ್ನುತ್ತಾರೆ. ಒಂದು ರೂಪಾಯಿಯನ್ನೂ ಕಳಿಸಬೇಡಿ, ಓಟಿಪಿ ಹೇಳಬೇಡಿ. ಆಗಲೇ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

'ಥಟ್ ಅಂತ ಹೇಳಿ'ಯ ಹಳೆಯ ಕಂತುಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ರಾತ್ರಿ ಊಟವಾದ ಮೇಲೆ ಒಂದು ಹಾಕಿ, ಮಕ್ಕಳನ್ನೂ ಅಜ್ಜಿಯನ್ನೂ ಒಟ್ಟಿಗೆ ಕೂರಿಸಿ. ನಮ್ಮ ಗ್ರಾಮ ಪಂಚಾಯ್ತಿ ಲೈಬ್ರರಿಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರಿದೆ. ತಿಂಗಳಿಗೊಂದು ಸಂಜೆ ಅಲ್ಲಿ ಇಂಥದೇ ಕ್ವಿಜ್ ಮಾಡಬಹುದು. ಖರ್ಚು ನಾಲ್ಕು ಪುಸ್ತಕದ್ದು. ಪ್ರಶ್ನೆ ಕೇಳಲು ನಿಮ್ಮೂರಲ್ಲಿ ಯಾರಾದರೂ ಇದ್ದೇ ಇರುತ್ತಾರೆ.