ಚೈತ್ರದ ಕಛೇರಿಗಳೂ ತುಮಕೂರು ಸೀಮೆಯ ಶ್ರೋತೃಗಳೂ

ಸಂಗೀತ ಕಛೇರಿಯೊಂದು ಕಳೆಗಟ್ಟಿತೆಂದು ಹೇಳುವಾಗ ನಾವು ಗಾಯಕನ ಶಾರೀರವನ್ನು, ಆತನ ಮನೋಧರ್ಮವನ್ನು, ಪಕ್ಕವಾದ್ಯದವರ ಅನುಸರಣೆಯನ್ನು ಕುರಿತು ಬಹಳವಾಗಿ ಮಾತನಾಡುತ್ತೇವೆ. ಎದುರಿಗೆ ಜಮಖಾನದ ಮೇಲೆ ಕುಳಿತು ಮೂರು ಗಂಟೆಗಳ ಕಾಲ ಆಲಿಸಿದವರನ್ನು ಕುರಿತು ಒಂದು ಮಾತನ್ನೂ ಆಡದೆ ಮನೆಗೆ ಮರಳುತ್ತೇವೆ. ನಮ್ಮ ಪ್ರಾಚೀನ ಲಕ್ಷಣಕಾರರು ಈ ವಿಷಯದಲ್ಲಿ ಹೀಗೆ ಉದಾಸೀನರಾಗಿರಲಿಲ್ಲ. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಮಾನುಷೀ, ದೈವೀ ಎಂದು ಎರಡಾಗಿ ವಿಭಜಿಸಿ, ಸಭಿಕರ ಮುಗುಳ್ನಗೆ, ಸಾಧುಕಾರ, ಅಹೋಕಾರ, ರೋಮಾಂಚ, ಆಸನದಿಂದ ಎದ್ದು ನಿಲ್ಲುವಿಕೆ, ವಸ್ತ್ರವನ್ನೋ ಉಂಗುರವನ್ನೋ ಪ್ರಯೋಕ್ತೃವಿನತ್ತ ಎಸೆಯುವಿಕೆ ಮೊದಲಾದವು ಮಾನುಷೀ ಸಿದ್ಧಿಯ ಕುರುಹುಗಳೆಂದು ಹೇಳಿ, ರಂಗವು ಪೂರ್ಣವಾಗಿ ತುಂಬಿದ್ದೂ ಶಬ್ದವಾಗಲಿ ಕ್ಷೋಭೆಯಾಗಲಿ ಉತ್ಪಾತವಾಗಲಿ ಇಲ್ಲದಿರುವ ಸ್ಥಿತಿಯನ್ನು ದೈವೀ ಸಿದ್ಧಿಯೆಂದು ಕರೆಯುತ್ತದೆ. ಶ್ರೋತೃವಿನ ಆಸಕ್ತಿಯನ್ನು ಅಳೆಯುವುದಕ್ಕೆ ಇದಕ್ಕಿಂತ ಸೂಕ್ಷ್ಮವಾದ ಅಳತೆಗೋಲನ್ನು ನಾನು ಕಂಡಿಲ್ಲ. ತುಮಕೂರು ನಗರ, ಗುಬ್ಬಿ, ಕುಣಿಗಲುಗಳಲ್ಲಿ ಬೇಸಗೆಯ ಕಛೇರಿಗಳಿಗೆ ಬಂದು ಕೂಡುವ ಜನರ ಅಭಿರುಚಿಯು ಯಾವ ಮೂಲದಿಂದ ಹುಟ್ಟಿತು, ಯಾವುದರ ಬಲದಿಂದ ಉಳಿಯಿತು ಎಂಬುದನ್ನು ಇದೇ ಅಳತೆಗೋಲನ್ನು ಹಿಡಿದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ದಕ್ಷಿಣಾದಿ ಸಂಗೀತದ ಋತುವೆಂದೊಡನೆ ಮದರಾಸಿನ ಧನುರ್ಮಾಸವನ್ನು ನೆನೆಯುವುದು ಈಚಿನ ವಾಡಿಕೆ. ಅಲ್ಲಿ 1927ರ ಕಾಂಗ್ರೆಸ್ ಅಧಿವೇಶನದೊಡನೆ ನಡೆದ ಸಂಗೀತ ಸಮ್ಮೇಳನದಿಂದಲೂ, ಅದರ ಫಲವಾಗಿ 1928ರಲ್ಲಿ ಸ್ಥಾಪಿತವಾದ ಮ್ಯೂಸಿಕ್ ಅಕಾಡೆಮಿಯಿಂದಲೂ ಚಳಿಗಾಲವೇ ಕಛೇರಿಗಳ ಕಾಲವಾಗಿ ನೆಲೆಗೊಂಡಿತು. ಹಳೆಯ ಮೈಸೂರು ಸೀಮೆಯ ಸಂಗೀತವರ್ಷವು ಬೇರೆ ಪಂಚಾಂಗವನ್ನು ಅನುಸರಿಸುತ್ತದೆ. ಅದು ಯುಗಾದಿಯಿಂದ ಆರಂಭವಾಗುತ್ತದೆ. ಚೈತ್ರ ಶುದ್ಧ ಪಾಡ್ಯದಿಂದ ನವಮಿಯ ಪರ್ಯಂತ ಗರ್ಭೋತ್ಸವವೆಂದೂ, ನವಮಿಯಿಂದ ಮುಂದಕ್ಕೆ ಜನ್ಮೋತ್ಸವವೆಂದೂ ಆಚರಿಸುವ ಶ್ರೀರಾಮೋತ್ಸವದಲ್ಲಿ ಪೂಜೆ, ಪಾನಕ, ಸಂಗೀತ ಇವು ಮೂರೂ ಒಂದೇ ಸೇವೆಯ ಅಂಗಗಳಾಗಿ ಬೆಳೆದುವು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ತಮ್ಮ ಸಂಗೀತದ ಸಂಪಾದನೆಯನ್ನು ರಾಮಮಂದಿರವನ್ನು ಕಟ್ಟಿಸುವುದಕ್ಕೆ ವಿನಿಯೋಗಿಸಿದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಬಾಲಕರಾಗಿದ್ದಾಗಲೇ, 1939ರಲ್ಲಿ, ಆರಂಭಿಸಿದ ಶ್ರೀರಾಮಸೇವಾ ಮಂಡಲಿಯ ಉತ್ಸವವು ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ತಿಂಗಳುಗಟ್ಟಲೆ ನಡೆಯುವ ಮಹಾಸತ್ರವಾಗಿ ಬೆಳೆದು, ನಾಡಿನ ವಿದ್ವಾಂಸರ ಮುಂದೆ ಸಾವಿರಾರು ಶ್ರೋತೃಗಳನ್ನು ಕೂಡಿಸಿತು. ಚಪ್ಪರಕ್ಕೆ ಗೋಡೆಯಿಲ್ಲ. ಒಳಗೆ ಟಿಕೇಟು ಪಡೆದು ಕುಳಿತವರು ಕೇಳುವಂತೆಯೇ, ಹೊರಗೆ ಬೇಲಿಯನ್ನು ಒರಗಿ ನಿಂತವರೂ ಬಹುಮಂದಿ ಕೇಳುತ್ತಾರೆ. ಶ್ರೋತೃವರ್ಗದ ಬೆಳವಣಿಗೆಯಲ್ಲಿ ಈ ಗೋಡೆಯಿಲ್ಲದಿರುವಿಕೆಯ ಪಾತ್ರ ಬಹು ದೊಡ್ಡದೆಂದು ನಾನು ಭಾವಿಸುತ್ತೇನೆ.

ತುಮಕೂರಿಗೆ ಬೆಂಗಳೂರು ಸುಮಾರು 70 ಕಿಲೋಮೀಟರು. ಈ ಸಾಮೀಪ್ಯವು ನಗರದ ಸಂಗೀತಕ್ಕೆ ಲಾಭವೂ ಹೌದು, ನಷ್ಟವೂ ಹೌದು. ವಿದ್ವಾಂಸರು ಸಂಜೆಗೆ ಬಂದು ಹಾಡಿ ರಾತ್ರಿಯೇ ಹಿಂದಿರುಗಬಹುದಾದುದರಿಂದ ಚಿಕ್ಕ ದೇವಸ್ಥಾನವೂ ಒಳ್ಳೆಯ ಕಛೇರಿಯನ್ನು ಏರ್ಪಡಿಸುವ ಧೈರ್ಯವನ್ನು ತಾಳಬಹುದು. ಆದರೆ ನಿಪುಣರಾದ ಶ್ರೋತೃಗಳು ರೈಲು ಹತ್ತಿ ಚಾಮರಾಜಪೇಟೆಯ ಚಪ್ಪರಕ್ಕೇ ಹೋಗಿಬಿಡುವ ಪ್ರಲೋಭನವೂ ಅದೇ ದಾರಿಯಲ್ಲಿದೆ. ಹೀಗೆ ಹೋಗುವವರು ಹೋದಮೇಲೆ, ಊರಿನ ರಾಮಮಂದಿರದಲ್ಲಿ ಉಳಿಯುವ ಸಭೆಯು ಯಾವುದು? ಹೆಸರುಬೇಳೆಯ ಕೋಸಂಬರಿಗೂ ಬೆಲ್ಲದ ಪಾನಕಕ್ಕೂ ಮಕ್ಕಳ ಕೈಹಿಡಿದು ಬಂದ ಗೃಹಿಣಿಯರು, ಅಂಗಡಿಯನ್ನು ಮುಚ್ಚಿ ಬಂದ ವರ್ತಕರು, ನಿವೃತ್ತರಾದ ಉಪಾಧ್ಯಾಯರು, ಪರೀಕ್ಷೆಗಳು ಮುಗಿದುದರಿಂದ ಹಗುರವಾಗಿ ಓಡಾಡುವ ವಿದ್ಯಾರ್ಥಿಗಳು. ಇವರಲ್ಲಿ ಪಾನಕಕ್ಕಾಗಿ ಬಂದವರು ಬೇರೆ, ಸಂಗೀತಕ್ಕಾಗಿ ಬಂದವರು ಬೇರೆ ಎಂದು ಗೆರೆ ಎಳೆಯುವವರುಂಟು. ಆ ಗೆರೆಯನ್ನು ನಾನು ಒಪ್ಪುವುದಿಲ್ಲ. ಪಾನಕಕ್ಕೆಂದು ಬಂದ ಹುಡುಗಿಯೊಬ್ಬಳು ಕಂಬಕ್ಕೊರಗಿ ನಿಂತು, ಆಲಾಪನೆ ಮುಗಿಯುವ ತನಕ ಕದಲದೆ, ಮರುದಿನ ಯಾರೂ ಕರೆಯದೆಯೇ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದನ್ನು ಕಂಡವರಿಗೆ ಆಸಕ್ತಿಯೆಂಬುದು ಮನೆಯಿಂದ ಹೊತ್ತು ತರುವ ಪದಾರ್ಥವಲ್ಲ, ಕುಳಿತ ಸ್ಥಳದಲ್ಲಿ ಮೊಳೆಯುವ ಬೀಜವೆಂಬುದು ಮನದಟ್ಟಾದೀತು.

ಗುಬ್ಬಿಯ ವಿಷಯವು ಇದಕ್ಕಿಂತ ಜಟಿಲವೂ ಸಂಪನ್ನವೂ ಆದುದು. ಈ ಸೀಮೆಯ ಕಿವಿಯನ್ನು ಸಂಸ್ಕರಿಸಿದುದು ಸಂಗೀತಸಭೆಯಲ್ಲ, ನಾಟಕಶಾಲೆ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವೂ, ಅದನ್ನು ತಮ್ಮ ಬಾಳಿನ ಉಸಿರಾಗಿ ಮಾಡಿಕೊಂಡ ಗುಬ್ಬಿ ವೀರಣ್ಣನವರೂ (1891–1972) ಕನ್ನಡ ರಂಗಭೂಮಿಗೆ ಮಾಡಿದ ಉಪಕಾರವನ್ನು ಎಲ್ಲರೂ ಬಲ್ಲರು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದ ವೈಭವವನ್ನು ಇಂದಿಗೂ ವರ್ಣಿಸುತ್ತಾರೆ. ಆದರೆ ಅದೇ ಕಂಪೆನಿಯು ರಾಗಸಂಗೀತಕ್ಕೆ ಶ್ರೋತೃಗಳನ್ನು ಸಿದ್ಧಪಡಿಸಿಕೊಟ್ಟಿತೆಂಬ ಸಂಗತಿಯು ಯೋಗ್ಯವಾದ ಗಮನವನ್ನು ಪಡೆದಿಲ್ಲ. ಅಂದಿನ ನಾಟಕವೆಂದರೆ ಗೀತಗಳ ಮಾಲಿಕೆ. ರಾಜನು ಕೋಪಗೊಂಡರೂ ಹಾಡುತ್ತಾನೆ, ರಾಣಿಯು ಮೂರ್ಛಿತಳಾಗುವ ಮುನ್ನವೂ ಹಾಡುತ್ತಾಳೆ. ನಾಟಕದ ಹಾಡುಗಳ ಪುಸ್ತಕಗಳಲ್ಲಿ ಪ್ರತಿಯೊಂದು ಪದ್ಯದ ನೆತ್ತಿಯ ಮೇಲೆ ರಾಗವನ್ನೂ ತಾಳವನ್ನೂ ಅಚ್ಚುಹಾಕಿಸುತ್ತಿದ್ದರು. ಆ ತೆಳ್ಳನೆಯ ಪುಸ್ತಕಗಳನ್ನು ಕೊಂಡು ಮನೆಗೆ ಒಯ್ದ ಗೃಹಸ್ಥನು ತನಗೆ ಅರಿವಿಲ್ಲದೆಯೇ ಸಂಗೀತಶಾಸ್ತ್ರದ ಮೊದಲ ಪಾಠವನ್ನು ಒಯ್ಯುತ್ತಿದ್ದನು. ತುಮಕೂರಿಗೆ ಸಮೀಪದ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಕಂಪೆನಿಗಳಿಗಾಗಿ ನಾಟಕಗಳನ್ನೂ ಗೀತಗಳನ್ನೂ ರಚಿಸಿದವರು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಹಾಡುಗಳನ್ನು ಬರೆದವರೂ ಅವರೇ. ಕರ್ಣಾಟಕ ಸಂಗೀತದಲ್ಲಿ ಕಛೇರಿ ಮಾಡಬಲ್ಲ ಸಾಮರ್ಥ್ಯವುಳ್ಳ ಹೊನ್ನಪ್ಪ ಭಾಗವತರಂಥವರು ಗುಬ್ಬಿ ಕಂಪೆನಿಯ ರಂಗದ ಮೇಲೆ ನಿಂತು ಹಾಡಿದಾಗ, ಕಛೇರಿಗೂ ನಾಟಕಕ್ಕೂ ನಡುವೆ ಇದ್ದ ಅಂತರವು ಶ್ರೋತೃವಿನ ಕಿವಿಯಲ್ಲಿ ಅಳಿಸಿಯೇ ಹೋಗುತ್ತಿತ್ತು.

ಭರತನ ಮಾನುಷೀ ಸಿದ್ಧಿಯು ಅಕ್ಷರಶಃ ಪ್ರತ್ಯಕ್ಷವಾಗುತ್ತಿದ್ದುದು ಇಲ್ಲಿಯೇ. ‘ವನ್ಸ್‌ಮೋರ್’ ಎಂಬ ಕೂಗಿಗೆ ಮೃತನಾದ ಪಾತ್ರಧಾರಿಯೂ ಎದ್ದು ಹಾಡನ್ನು ಪುನರಾವರ್ತಿಸಬೇಕಾಗಿತ್ತೆಂಬ ಮಾತನ್ನು ಈಗ ವಿನೋದಕ್ಕಾಗಿ ಹೇಳುತ್ತಾರೆ. ವಿಚಾರಮಾಡಿ ನೋಡಿದರೆ ಆ ಕೂಗಿನಲ್ಲಿ ಶ್ರೋತೃವು ಕಥೆಗಿಂತ ನಾದವನ್ನು ಮೇಲೆಂದು ಎಣಿಸಿದ ನಿರ್ಣಯವಿದೆ. ಮೆಚ್ಚಿದವರು ನಟನಿಗೆ ಪದಕವನ್ನು ತೊಡಿಸುತ್ತಿದ್ದ ಪದ್ಧತಿಯು ಪ್ರಾಚೀನರ ಅಂಗುಲೀಯಕ್ಷೇಪದ ವಂಶಕ್ಕೆ ಸೇರಿದುದು.

ಈ ಶಿಕ್ಷಣಕ್ಕೆ ಒಂದು ಮಿತಿಯೂ ಇತ್ತು. ಅದನ್ನು ಮರೆಮಾಚುವುದು ಯುಕ್ತವಲ್ಲ. ನಾಟಕದ ಸಂಗೀತಕ್ಕೆ ಆಧಾರವಾಗಿದ್ದುದು ಕಾಲುಹಾರ್ಮೋನಿಯಂ. ಅದರ ಮನೆಗಳು ಸ್ಥಿರವಾದುವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ತೂಗುವ, ಕಂಪಿಸುವ ಗಮಕವನ್ನು ಅದು ನುಡಿಸಲಾರದು. ಆ ಕಾರಣದಿಂದಲೇ ಆಕಾಶವಾಣಿಯು 1940ರಲ್ಲಿ ಅದನ್ನು ತನ್ನ ನಿಲಯಗಳಿಂದ ಬಹಿಷ್ಕರಿಸಿತು. ಆದ್ದರಿಂದ ಗುಬ್ಬಿಯ ಶ್ರೋತೃವಿಗೆ ರಾಗದ ಆಕೃತಿಯು ಶೀಘ್ರವಾಗಿ ಹೊಳೆಯುತ್ತದೆ, ಸಾಹಿತ್ಯದ ಅಕ್ಷರವು ಸ್ಪಷ್ಟವಾಗಿ ಬೇಕಾಗುತ್ತದೆ, ಭಾವವು ಮುಖದಲ್ಲಿಯೂ ಕಾಣಬೇಕಾಗುತ್ತದೆ. ತೋಡಿಯ ಗಾಂಧಾರವು ಎಷ್ಟು ಸೂಕ್ಷ್ಮವಾಗಿ ನಡುಗಿತೆಂಬುದರಲ್ಲಿ ಅವನ ಮನಸ್ಸು ಅಷ್ಟಾಗಿ ನಿಲ್ಲುವುದಿಲ್ಲ. ಮತ್ತೊಂದು ಕಡೆಯಲ್ಲಿ, ಹಿಂದೂಸ್ತಾನಿ ಮಟ್ಟುಗಳು ಮರಾಠಿ ರಂಗಭೂಮಿಯ ಮೂಲಕ ಕಂಪೆನಿ ನಾಟಕಗಳಿಗೆ ಯಥೇಚ್ಛವಾಗಿ ಹರಿದುಬಂದುದರಿಂದ, ಉತ್ತರಾದಿ ದಕ್ಷಿಣಾದಿ ಎಂಬ ಪಂಕ್ತಿಭೇದವು ಅವನಿಗೆ ಇಲ್ಲ. ಬಾಲ್ಯದಲ್ಲಿಯೇ ಗುಬ್ಬಿ ಕಂಪೆನಿಯನ್ನು ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರೇ ಕಾಶಿಗೆ ವಿದ್ಯಾಭ್ಯಾಸಕ್ಕಾಗಿ ಕಳುಹಿಸಿದರೆಂಬುದನ್ನೂ, ಅಲ್ಲಿ ಅವರು ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನು ಅಭ್ಯಾಸಮಾಡಿದರೆಂಬುದನ್ನೂ ನೆನೆದರೆ, ಗುಬ್ಬಿಯ ಕಿವಿಯು ಎಷ್ಟು ದೂರದ ನಾದಕ್ಕೆ ತೆರೆದುಕೊಂಡಿತ್ತೆಂಬುದು ವಿಶದವಾಗುತ್ತದೆ.

ಕಾಲದ ಪ್ರಶ್ನೆಯನ್ನು ಇಲ್ಲಿ ಎತ್ತಬೇಕು. ಈ ಸೀಮೆಯ ರಾಗಿಯ ಕಣವು ಚಳಿಗಾಲದಲ್ಲಿ ಮುಗಿದು, ಮುಂಗಾರಿನ ಉಳುಮೆಯು ಆರಂಭವಾಗುವ ತನಕ ಇರುವ ಬಿಡುವೇ ಜಾತ್ರೆಗಳ ಕಾಲ. ಸಿದ್ಧಗಂಗೆಯ ಜಾತ್ರೆಯು ಮಹಾಶಿವರಾತ್ರಿಗೆ, ದೇವರಾಯನದುರ್ಗದ ರಥೋತ್ಸವವು ಫಾಲ್ಗುಣದಲ್ಲಿ, ಕುಣಿಗಲು ತಾಲ್ಲೂಕಿನ ಎಡೆಯೂರಿನ ಸಿದ್ಧಲಿಂಗೇಶ್ವರನ ತೇರು ಚೈತ್ರದಲ್ಲಿ. ನಾಟಕದ ಕಂಪೆನಿಗಳು ಮೊಕ್ಕಾಂ ಹಾಕುತ್ತಿದ್ದುದೂ, ಹರಿಕಥೆಯ ದಾಸರು ಊರಿಂದೂರಿಗೆ ಸಂಚರಿಸುತ್ತಿದ್ದುದೂ ಇದೇ ತಿಂಗಳುಗಳಲ್ಲಿ. ರಾಮೋತ್ಸವದ ಕಛೇರಿಯು ಇಂಥ ದೀರ್ಘವಾದ ಉತ್ಸವಪರಂಪರೆಯ ಕೊನೆಯ ಕೊಂಡಿ. ಆದಕಾರಣ ಅದರ ಶ್ರೋತೃವು ರಾತ್ರಿ ಎಚ್ಚತ್ತಿರುವ ಅಭ್ಯಾಸವನ್ನು ಎರಡು ತಿಂಗಳಿಂದ ರೂಢಿಸಿಕೊಂಡೇ ಬಂದಿರುತ್ತಾನೆ. ಭರಣಿಯ ಮಳೆ ಒಂದು ಹದ ಬಿದ್ದಿತೆಂದರೆ ಹಳ್ಳಿಯಿಂದ ಬರುತ್ತಿದ್ದವರ ಸಂಖ್ಯೆಯು ಒಂದೇ ದಿನದಲ್ಲಿ ಕರಗುತ್ತದೆ. ಇದನ್ನು ಅಭಿರುಚಿಯ ಕ್ಷಯವೆಂದು ಬಗೆಯುವ ಕಾರ್ಯದರ್ಶಿಗಳು ನೇಗಿಲಿನ ಕರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಕುಣಿಗಲನ್ನು ಕುರಿತು ಹೇಳತಕ್ಕದ್ದು ಸ್ವಲ್ಪ. ತನ್ನ ಕೆರೆಯನ್ನು ಕುರಿತ ಜನಪದಗೀತದಿಂದ ನಾಡಿನಲ್ಲೆಲ್ಲ ಹಾಡಿಸಿಕೊಂಡ ಈ ಊರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಗುಬ್ಬಿಯಂಥ ರಂಗಭೂಮಿಯ ಬೆಂಬಲವಿರಲಿಲ್ಲ. ಬೆಂಗಳೂರಿಗೂ ಹಾಸನಕ್ಕೂ ನಡುವಣ ಹೆದ್ದಾರಿಯಲ್ಲಿರುವುದರಿಂದಲೂ, 2017ರಲ್ಲಿ ರೈಲುಮಾರ್ಗವು ಪೂರ್ಣಗೊಂಡುದರಿಂದಲೂ ಅಲ್ಲಿನ ರಸಿಕರ ಮುಖವು ತುಮಕೂರಿಗಿಂತ ಹೆಚ್ಚಾಗಿ ಬೆಂಗಳೂರಿನ ಕಡೆಗೇ ತಿರುಗಿದೆ. ಆದರೆ ಎಡೆಯೂರಿನ ಸಾನ್ನಿಧ್ಯದಿಂದ ವಚನಗಾಯನದ ರುಚಿಯು ಜನಸಾಮಾನ್ಯರಲ್ಲಿ ಬೇರೂರಿದೆ. ಕಛೇರಿಯಲ್ಲಿ ವಚನವೊಂದನ್ನು ಎತ್ತಿಕೊಂಡ ಕೂಡಲೇ ಸಭೆಯು ನೆಟ್ಟಗೆ ಕುಳಿತುಕೊಳ್ಳುತ್ತದೆ.

ಇನ್ನು ಬೇಸಗೆಯ ಸೆಕೆಯೇ ಒಂದು ಪರೀಕ್ಷೆ. ಮೃದಂಗದ ಎಡಗಡೆಗೆ ಮೆತ್ತಿದ ರವೆಯ ಕಣಕವು ಒಣ ಹವೆಯಲ್ಲಿ ಬೇಗನೆ ಬಿರಿಯುತ್ತದೆ. ಬಲಗಡೆಯ ಚರ್ಮವು ಬಿಗಿದು ಶ್ರುತಿಯು ಏರುತ್ತದೆ. ವಾದಕನು ಕೀರ್ತನೆಗಳ ನಡುವೆ ಕಲ್ಲಿನಿಂದ ತಟ್ಟಿ ಸರಿಪಡಿಸಿಕೊಳ್ಳುವಷ್ಟರಲ್ಲಿ ಸಭೆಯ ಬೀಸಣಿಗೆಗಳೆಲ್ಲ ಒಮ್ಮೆಗೇ ಚಲಿಸುತ್ತವೆ. ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಕಛೇರಿಯ ಕ್ರಮವು ಇಲ್ಲಿಯೂ ನಡೆಯುತ್ತಿದ್ದು, ವರ್ಣದಿಂದ ಆರಂಭವಾಗಿ ಪ್ರಧಾನ ಕೃತಿಯನ್ನೂ ತನಿ ಆವರ್ತನವನ್ನೂ ದಾಟಿ ಲಘುವಾದ ರಚನೆಗಳತ್ತ ಸಾಗುತ್ತದೆ. ತನಿ ಆರಂಭವಾದೊಡನೆ ಎದ್ದು ಹೊರಗೆ ಹೋಗುವ ಚಟವು ಎಲ್ಲ ಊರುಗಳಲ್ಲಿಯೂ ಉಂಟು. ವಾದಕನಿಗೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ತುಮಕೂರು ಸೀಮೆಯಲ್ಲಿ ನಾನು ಗಮನಿಸಿದ ವಿಶೇಷವೆಂದರೆ, ಎದ್ದುಹೋದವರು ಮರಳಿ ಬರುತ್ತಾರೆ. ಏಕೆಂದರೆ ತನಿಯ ಅನಂತರ ಬರುವ ದೇವರನಾಮವೇ ಅವರ ಪಾಲಿಗೆ ಆ ರಾತ್ರಿಯ ಶಿಖರ. ಪುರಂದರದಾಸರ ಪದವೊಂದು ಆರಂಭವಾದಾಗ ಹೆಂಗಸರ ಕಡೆಯಿಂದ ಮೆಲುದನಿಯಲ್ಲಿ ಪಲ್ಲವಿಯು ಕೇಳಿಬರುತ್ತದೆ. ಮರುಕ್ಷಣವೇ ಆ ದನಿಯೂ ನಿಂತು ಸಭೆಯೆಲ್ಲ ನಿಶ್ಶಬ್ದವಾಗುತ್ತದೆ. ಭರತನು ದೈವೀ ಎಂದ ಸಿದ್ಧಿಯು ಇದಲ್ಲದೆ ಬೇರೆ ಯಾವುದು?

ಈಚೆಗೆ ಶ್ರೋತೃಗಳ ಮೂಲವು ಬದಲಾಗುತ್ತಿದೆ. ರಂಗಗೀತಗಳ ನಡುವೆ ಬೆಳೆದ ತಲೆಮಾರು ತೀರಿಕೊಳ್ಳುತ್ತ ಬಂದಿತು. ಗುಬ್ಬಿಯಲ್ಲಿಯೂ ತುಮಕೂರಿನಲ್ಲಿಯೂ ವೀರಣ್ಣನವರ ಹೆಸರನ್ನು ಹೊತ್ತ ರಂಗಮಂದಿರಗಳು ಎದ್ದು ನಿಂತಿವೆಯಾದರೂ, ತಿಂಗಳುಗಟ್ಟಲೆ ಮೊಕ್ಕಾಂ ಹೂಡಿ ಪ್ರತಿರಾತ್ರಿಯೂ ಹಾಡುವ ಕಂಪೆನಿಯು ಊರಿನಲ್ಲಿ ಇಲ್ಲ. ಅದರ ಸ್ಥಾನಕ್ಕೆ ಬಂದವರು ಬಡಾವಣೆಗಳ ಮನೆಪಾಠಗಳಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಮಕ್ಕಳು ಮತ್ತು ಅವರ ತಾಯಂದಿರು. ಇವರಿಗೆ ರಾಗದ ಆರೋಹಣಾವರೋಹಣಗಳು ಗೊತ್ತು, ಮೇಳಕರ್ತದ ಸಂಖ್ಯೆಯೂ ಗೊತ್ತು. ಕಛೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕುವ ಕೈಗಳು ಹಿಂದೆಂದಿಗಿಂತಲೂ ಹೆಚ್ಚು. ಹಳಬರ ಜ್ಞಾನವು ಬೇರೆ ತೆರನಾದುದು. ಕಳೆದ ಚೈತ್ರದಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಗುಬ್ಬಿಯ ಕಡೆಯ ವೃದ್ಧರೊಬ್ಬರು ಆಲಾಪನೆಯ ನಾಲ್ಕನೆಯ ಸಂಚಾರಕ್ಕೇ ಕಣ್ಣು ಮುಚ್ಚಿ ತಲೆದೂಗಿದರು. ಅವರ ಮೊಮ್ಮಗಳು ರಾಗದ ಹೆಸರನ್ನು ಕಿವಿಯಲ್ಲಿ ಉಸುರಿದಳು. ‘ಹೆಸರು ನನಗೆ ತಿಳಿಯದಮ್ಮ, ಇದು ಸದಾರಮೆ ನಾಟಕದಲ್ಲಿ ಬರುತ್ತಿತ್ತು’ ಎಂದು ಹೇಳಿ ಅವರು ಮತ್ತೆ ಕಣ್ಣು ಮುಚ್ಚಿದರು. ಮಂಗಳವಾಗುವ ತನಕ ತೆರೆಯಲಿಲ್ಲ.