ಬಾಗ್-ಎ-ಆಮ್ ಮತ್ತು ನಮ್ಮ ಗಡಿರೇಖೆ

ಹೈದರಾಬಾದಿಗೆ ಹೋದ ನಮ್ಮವರು ಚಾರ್‌ಮಿನಾರ್ ನೋಡುತ್ತಾರೆ, ಸಾಲಾರ್‌ಜಂಗ್ ಮ್ಯೂಸಿಯಂ ನೋಡುತ್ತಾರೆ. ನಾಂಪಲ್ಲಿ ರೈಲು ನಿಲ್ದಾಣಕ್ಕೆ ಸಮೀಪದ ಪಬ್ಲಿಕ್ ಗಾರ್ಡನ್ಸ್ ಮಾತ್ರ ಉಳಿದುಬಿಡುತ್ತದೆ. ಗಡಿನಾಡ ಕನ್ನಡಿಗರು ಒಮ್ಮೆಯಾದರೂ ಕಾಲಿಡಬೇಕಾದ ಜಾಗವದು. ಅದರ ಹಳೆಯ ಹೆಸರು ಬಾಗ್-ಎ-ಆಮ್. ಇಲ್ಲಿ ‘ಆಮ್’ ಎಂದರೆ ಮಾವಿನಹಣ್ಣಲ್ಲ, ಸಾರ್ವಜನಿಕರದ್ದು ಎಂದರ್ಥ.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ನಲವತ್ತನೆಯ ಹುಟ್ಟುಹಬ್ಬದ ನೆನಪಿಗೆಂದು 1905ರಲ್ಲಿ ಇಲ್ಲಿ ಟೌನ್‌ಹಾಲಿಗೆ ಅಡಿಗಲ್ಲು ಬಿತ್ತು. 1911ರಲ್ಲಿ ಅವರು ತೀರಿಕೊಂಡರು. ಕಟ್ಟಡ ಮುಗಿದದ್ದು 1913ರಲ್ಲಿ. ಏಳನೆಯ ನಿಜಾಮರ ಬೆಳ್ಳಿಹಬ್ಬ 1937ರಲ್ಲಿ ಜರುಗಿದ ಜುಬಿಲಿ ಹಾಲ್ ಕೂಡ ಇಲ್ಲೇ ಇದೆ. ಪುರಾತತ್ವ ಮ್ಯೂಸಿಯಮ್ಮೂ ಇದೇ ತೋಟದಲ್ಲಿದೆ. ಅಶೋಕನ ಹೆಸರು ಹೇಳುವ ಮಸ್ಕಿ ಶಾಸನ 1915ರಲ್ಲಿ ರಾಯಚೂರು ಸೀಮೆಯಲ್ಲಿ ಸಿಕ್ಕಾಗ ಅದನ್ನು ಅಚ್ಚು ಹಾಕಿಸಿದ್ದು ಹೈದರಾಬಾದಿನ ಪುರಾತತ್ವ ಇಲಾಖೆಯೇ. ಆಗ ರಾಯಚೂರು, ಕಲಬುರಗಿ, ಬೀದರಗಳಿಗೆ ಹೈದರಾಬಾದೇ ರಾಜಧಾನಿ.

1952ರ ಚುನಾವಣೆಯ ಬಳಿಕ ಹೈದರಾಬಾದ್ ರಾಜ್ಯದ 175 ಸದಸ್ಯರ ವಿಧಾನಸಭೆ ಈ ಟೌನ್‌ಹಾಲಿನಲ್ಲಿ ಕೂಡಿತು. ತೆಲುಗು, ಮರಾಠಿ, ಕನ್ನಡ ಪ್ರದೇಶಗಳ ಪ್ರತಿನಿಧಿಗಳು ಒಂದೇ ಸೂರಿನಡಿ ಕುಳಿತರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂದಾಗ ಚರ್ಚೆ ನಡೆದದ್ದೂ ಇಲ್ಲಿಯೇ. ತೀರ್ಮಾನ ಮಾತ್ರ ದೆಹಲಿಯದು.

1956ರ ನವೆಂಬರ್ 1ರಂದು ಆ ರಾಜ್ಯವೇ ಇಲ್ಲವಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು. ಆದರೆ ಅದರದೇ ಗದ್ವಾಲ, ಆಲಂಪುರ ತಾಲೂಕುಗಳನ್ನು ಬಿಡಿಸಿ ಆಂಧ್ರಕ್ಕೆ ಕೊಟ್ಟರು. ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದ ನಾರಾಯಣಪೇಟೆ, ಮಕ್ತಲಗಳೂ ಅತ್ತಲೇ ಹೋದವು. ಕೃಷ್ಣೆ ದಾಟಿದರೆ ರಾಯಚೂರು; ಬೀಗತನವೂ ಸಂತೆಯೂ ಆಚೆಗೆ, ಕಚೇರಿ ಕಾಗದ ಈಚೆಗೆ. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ತೆಲುಗು ಅಕ್ಷರ ತಿದ್ದುವಂತಾಯಿತು.

ಕಾಸರಗೋಡಿನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ದಿನ ಅವರ ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಗೆರೆ ಎಳೆದ ಲೇಖನಿ ಒಂದೇ, ಊರುಗಳು ಬೇರೆ.

2014ರಲ್ಲಿ ತೆಲಂಗಾಣ ಹುಟ್ಟಿತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಗಳಾದವು. ಸರಕಾರಿ ನಕ್ಷೆ ಇಷ್ಟು ಸಲ ಬದಲಾದರೂ ಮನೆಮಾತು ಉಳಿದಿದ್ದರೆ, ಅದನ್ನು ಉಳಿಸಿದವರು ಅಜ್ಜಿಯರು, ತಾಯಂದಿರು. ಇನ್ನು ನಮ್ಮ ಸರದಿ. ಮಕ್ಕಳನ್ನು ಆ ತೋಟಕ್ಕೆ ಕರೆದೊಯ್ಯೋಣ; ಬಿಳಿಯ ಗುಮ್ಮಟ ತೋರಿಸಿ, ನಮ್ಮ ಊರಿನ ಮಾತು ಒಂದು ಕಾಲಕ್ಕೆ ಇಲ್ಲಿಯೂ ನಡೆದಿತ್ತೆಂದು ಕನ್ನಡದಲ್ಲೇ ಹೇಳೋಣ.