ಜಹ್ಹಾಕನ ಹೆಗಲ ಮೇಲಿನ ಹಾವುಗಳು

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಆರು ಅಂಚೆ ಕಾರ್ಡುಗಳಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇರಾನಿನ ಜನರಿಗೆ ಹಂಚಲೆಂದು ಬ್ರಿಟನ್ನಿನ ಮಾಹಿತಿ ಸಚಿವಾಲಯ ಅಚ್ಚು ಹಾಕಿಸಿದವು. ದೂರದಿಂದ ನೋಡಿದರೆ ಯಾವುದೋ ಹಳೆಯ ಪಾರಸೀ ಹಸ್ತಪ್ರತಿಯ ಚಿತ್ರಗಳೆಂದೇ ತೋರುತ್ತವೆ. ಸಮೀಪದಿಂದ ನೋಡಿದಾಗ ಸಿಂಹಾಸನದ ಮೇಲೆ ಕುಳಿತ ಅರಸನಿಗೆ ಹಿಟ್ಲರನ ಮೀಸೆ ಇರುವುದು ಕಾಣುತ್ತದೆ. ಅವನ ಎರಡೂ ಹೆಗಲುಗಳಿಂದ ಒಂದೊಂದು ಹಾವು ಎದ್ದಿದೆ. ಒಂದಕ್ಕೆ ಇಟಲಿಯ ಮುಸೊಲಿನಿಯ ಮುಖ, ಇನ್ನೊಂದಕ್ಕೆ ಜಪಾನಿನ ತೋಜೋನ ಮುಖ. ಅಡುಗೆಯವನ ವೇಷದಲ್ಲಿರುವವನು ಗೋಬೆಲ್ಸ್.

ಇರಾನಿನ ಓದುಬರಹ ಬಾರದ ರೈತನಿಗೂ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಫಿರ್ದೌಸಿಯು 1010ರಲ್ಲಿ ಮುಗಿಸಿದ 'ಶಾಹ್‌ನಾಮೆ'ಯ ಕಥೆಗಳನ್ನು ಅಲ್ಲಿ ಚಹಾದಂಗಡಿಗಳಲ್ಲಿ ಕಥೆಗಾರರು ಅಭಿನಯಿಸಿ ಹೇಳುತ್ತಿದ್ದರು. ಜಹ್ಹಾಕ್ ಅರಬ್ ನಾಡಿನ ರಾಜಕುಮಾರ. ಇಬ್ಲೀಸನ ಮಾತಿಗೆ ಮರುಳಾಗಿ ತನ್ನ ತಂದೆಯ ಸಾವಿಗೇ ಕಾರಣನಾಗುತ್ತಾನೆ. ಆಮೇಲೆ ಇಬ್ಲೀಸ್ ಅಡುಗೆಯವನಾಗಿ ಬಂದು, ಬಗೆಬಗೆಯ ಮಾಂಸದೂಟ ಬಡಿಸಿ, ಬಹುಮಾನವಾಗಿ ಅರಸನ ಹೆಗಲುಗಳಿಗೆ ಮುತ್ತಿಡಲು ಅಪ್ಪಣೆ ಬೇಡುತ್ತಾನೆ. ಮುತ್ತಿಟ್ಟ ಜಾಗದಲ್ಲಿ ಎರಡು ಕರಿ ಹಾವುಗಳು ಹುಟ್ಟುತ್ತವೆ. ಕತ್ತರಿಸಿದರೆ ಮತ್ತೆ ಬೆಳೆಯುತ್ತವೆ. ಅವುಗಳ ಆಹಾರ ಮನುಷ್ಯರ ಮೆದುಳು; ದಿನಕ್ಕೆ ಇಬ್ಬರು ಯುವಕರ ಬಲಿ.

ಈ ಕಥೆಯನ್ನು ಅರಬರ ಮೇಲಿನ ದ್ವೇಷಕ್ಕೆ ಬಳಸಿಕೊಂಡ ಇರಾನೀ ರಾಷ್ಟ್ರವಾದಿಗಳೂ ಇದ್ದಾರೆ. ಆದರೆ ಜಹ್ಹಾಕನ ತಂದೆ ಮರ್ದಾಸನೂ ಅರಬನೇ. ಅವನನ್ನು ಫಿರ್ದೌಸಿ ದೇವಭಯವುಳ್ಳ, ಉದಾರಿಯಾದ ಸಜ್ಜನನೆಂದು ವರ್ಣಿಸುತ್ತಾನೆ. ಅದನ್ನು ಅವರು ಓದಿದಂತಿಲ್ಲ.

ಕಾರ್ಡುಗಳನ್ನು ಬರೆದ ಕಲಾವಿದ ಇರಾನಿನವನಲ್ಲ, ಆಂಗ್ಲನೂ ಅಲ್ಲ. ಕಿಮೋನ್ ಇವಾನ್ ಮಾರೆಂಗೊ ಈಜಿಪ್ಟಿನಲ್ಲಿ ಹುಟ್ಟಿದ ಗ್ರೀಕ್ ಮನೆತನದವನು. 'ಕೆಮ್' ಎಂದು ಸಹಿ ಹಾಕುತ್ತಿದ್ದ. ಅಲೆಕ್ಸಾಂಡ್ರಿಯಾದಲ್ಲಿ ತಾರುಣ್ಯದಲ್ಲೇ 'ಮಾಲೇಶ್' ಎಂಬ ವಿಡಂಬನೆಯ ಪತ್ರಿಕೆ ನಡೆಸಿದ್ದ. ಈಜಿಪ್ಟಿನ ಆಡುಮಾತಿನಲ್ಲಿ ಮಾಲೇಶ್ ಅಂದರೆ 'ಇರಲಿ ಬಿಡಿ' ಎಂದು ಅರ್ಥ. ಪ್ಯಾರಿಸ್ಸಿನಲ್ಲಿ ರಾಜಕೀಯ ಶಾಸ್ತ್ರ ಓದಿ ಕಡೆಗೆ ಇಂಗ್ಲೆಂಡಿನಲ್ಲಿ ನೆಲೆಸಿದ. ಅವನಿಗೆ ಸಲಹೆ ಕೊಟ್ಟವರು ಆಗ ಲಂಡನ್ನಿನಲ್ಲಿದ್ದ ಇರಾನೀ ವಿದ್ವಾಂಸ ಮುಜ್ತಬಾ ಮೀನವಿ. ಮುಂದೆ ಕುರ್‌ಆನನ್ನು ಇಂಗ್ಲಿಷಿಗೆ ತಂದು ಹೆಸರಾದ ಎ.ಜೆ. ಅರ್ಬೆರಿ ಕೂಡ ಆ ದಿನಗಳಲ್ಲಿ ಇದೇ ಸಚಿವಾಲಯದಲ್ಲಿದ್ದರು. ಯುದ್ಧ ಬಂದಾಗ ವಿದ್ವತ್ತಿಗೂ ಕೆಲಸ ಸಿಗುತ್ತದೆ.

ಹಿಟ್ಲರನನ್ನು ಜಹ್ಹಾಕ್ ಮಾಡಿದ್ದರಲ್ಲಿ ನನಗೇನೂ ತಕರಾರಿಲ್ಲ. ತಕರಾರಿರುವುದು ಇನ್ನೊಂದು ಕಾರ್ಡಿನ ಬಗ್ಗೆ. ತನ್ನನ್ನು ಕೆಡವಲು ಮೂವರು ಯೋಧರು ಬರುವಂತೆ ಜಹ್ಹಾಕನಿಗೆ ಕನಸು ಬೀಳುತ್ತದೆ. ಕೆಮ್ ಆ ಮೂವರಿಗೆ ಚರ್ಚಿಲ್, ಸ್ಟಾಲಿನ್, ರೂಸ್‌ವೆಲ್ಟರ ಮುಖಗಳನ್ನು ಕೊಟ್ಟ. ಕಾರ್ಡು ಕೈಗೆ ಬಂದಾಗ ಇರಾನಿನವನ ಮನೆಯ ಸ್ಥಿತಿ ಏನಿತ್ತು? 1941ರ ಆಗಸ್ಟ್ 25ರಂದು ಉತ್ತರದಿಂದ ರಷ್ಯದ ಸೈನ್ಯ, ದಕ್ಷಿಣ ಮತ್ತು ಪಶ್ಚಿಮದಿಂದ ಬ್ರಿಟಿಷ್ ಸೈನ್ಯ ಇರಾನಿನೊಳಗೆ ನುಗ್ಗಿದ್ದವು. ಇರಾನ್ ತಟಸ್ಥ ದೇಶವಾಗಿತ್ತು. ಬೇಕಾಗಿದ್ದದ್ದು ಅಬಾದಾನಿನ ಎಣ್ಣೆ ಮತ್ತು ರಷ್ಯಕ್ಕೆ ಯುದ್ಧ ಸಾಮಗ್ರಿ ಸಾಗಿಸಲು ರೈಲುಮಾರ್ಗ. ಮೂರು ವಾರಗಳಲ್ಲಿ ರಜಾ ಶಾಹ್ ಪಟ್ಟ ಬಿಟ್ಟಿಳಿದ. ಅವನನ್ನು ಮಾರಿಷಸ್ಸಿಗೆ, ಅಲ್ಲಿಂದ ದಕ್ಷಿಣ ಆಫ್ರಿಕಕ್ಕೆ ಸಾಗಿಸಿದರು. ಆ ದಾಳಿಯಲ್ಲಿ ಬ್ರಿಟಿಷ್ ಪಡೆಯ ದೊಡ್ಡ ಪಾಲು ನಮ್ಮ ಭಾರತೀಯ ಸೈನಿಕರೇ ಎಂಬುದನ್ನೂ ಹೇಳಬೇಕು. ಗುಲಾಮ ದೇಶದ ಮಕ್ಕಳು ಇನ್ನೊಂದು ದೇಶವನ್ನು ಆಕ್ರಮಿಸಲು ಹೋಗಿದ್ದರು.

ಪರಕೀಯ ಸೈನ್ಯ ಬಂದಮೇಲೆ ಧಾನ್ಯದ ಅಭಾವ, ಬೆಲೆಯೇರಿಕೆ ಮಿತಿಮೀರಿತು. 1942ರ ಡಿಸೆಂಬರ್ 8ರಂದು ತೆಹರಾನಿನಲ್ಲಿ ರೊಟ್ಟಿಗಾಗಿ ದಂಗೆಯೆದ್ದ ಜನ ಪ್ರಧಾನಿ ಕವಾಮನ ಮನೆಗೆ ಬೆಂಕಿ ಹಚ್ಚಿದರು. ಇಂಥವರಿಗೆ ಚರ್ಚಿಲ್ ವಿಮೋಚಕನೆಂದು ಹೇಳುವ ಕಾರ್ಡು ತಲುಪಬೇಕಾಗಿತ್ತು!

ಶಾಹ್‌ನಾಮೆಯಲ್ಲಿ ಈ ದುಷ್ಟನನ್ನು ಮೊದಲು ಎದುರಿಸುವವನು ಯೋಧನಲ್ಲ, ಕಾವಾ ಎಂಬ ಕಮ್ಮಾರ. ಹದಿನೆಂಟು ಗಂಡುಮಕ್ಕಳಲ್ಲಿ ಹದಿನೇಳು ಮಂದಿಯನ್ನು ಹಾವುಗಳಿಗೆ ಕಳೆದುಕೊಂಡು, ಉಳಿದೊಬ್ಬನನ್ನು ಬಿಡಿಸಿಕೊಳ್ಳಲು ಅರಮನೆಗೆ ಬರುತ್ತಾನೆ. ಆ ಹೊತ್ತಿಗೆ ಜಹ್ಹಾಕ್ ತಾನು ನ್ಯಾಯವಂತನೆಂದು ಒಂದು ಪತ್ರ ಬರೆಸಿ ಊರಿನ ಹಿರಿಯರಿಂದ ಸಹಿ ಹಾಕಿಸಿಕೊಳ್ಳುತ್ತಿರುತ್ತಾನೆ. ಮಗನನ್ನು ಬಿಟ್ಟು ಕೊಟ್ಟು, ನೀನೂ ಸಹಿ ಮಾಡು ಎನ್ನುತ್ತಾನೆ. ಕಾವಾ ಆ ಪತ್ರವನ್ನು ಹರಿದು ಕಾಲಡಿ ಹಾಕಿ ಹೊರನಡೆಯುತ್ತಾನೆ. ಕುಲುಮೆಯ ಮುಂದೆ ಕಟ್ಟಿಕೊಳ್ಳುವ ಚರ್ಮವನ್ನು ಬಿಚ್ಚಿ ಕೋಲಿಗೆ ಸಿಕ್ಕಿಸಿ ಸಂತೆಯಲ್ಲಿ ಜನರನ್ನು ಕೂಗುತ್ತಾನೆ. ಆ ಚರ್ಮವೇ ಇರಾನಿನ ಬಾವುಟವಾಯಿತು. ಫರೀದೂನ್ ಬಂದು ಜಹ್ಹಾಕನನ್ನು ಸೆರೆಹಿಡಿಯುವುದು ಆಮೇಲಿನ ಮಾತು. ಅಷ್ಟು ಹಳೆಯ ರಾಜವೈಭವದ ಕಾವ್ಯದಲ್ಲಿ ಒಬ್ಬ ಕಮ್ಮಾರನಿಗೆ ಇಂಥ ಸ್ಥಾನ ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಈ ಕಾವಾನನ್ನು ಹೊರಗಿನವರು ಎಳೆದಾಡಿದ್ದು ಅದೇ ಮೊದಲೂ ಅಲ್ಲ. ಮೊದಲನೇ ಮಹಾಯುದ್ಧದಲ್ಲಿ, 1916ರಲ್ಲಿ, ಬರ್ಲಿನ್ನಿನಿಂದ 'ಕಾವಾ' ಎಂಬ ಪಾರಸೀ ಪತ್ರಿಕೆ ಹೊರಟಿತು. ಹಣ ಜರ್ಮನ್ ಸರಕಾರದ್ದು. ಸಂಪಾದಕರು ಸಯ್ಯಿದ್ ಹಸನ್ ತಕೀಜಾದಾ, ಇರಾನಿನ ಸಂವಿಧಾನ ಚಳವಳಿಯ ಮುಂದಾಳು. ಆಗ ಇರಾನಿನ ಪಾಲಿಗೆ ಜಹ್ಹಾಕರಾಗಿದ್ದವರು ಬ್ರಿಟಿಷರು ಮತ್ತು ರಷ್ಯನ್ನರು. ಇಬ್ಬರೂ 1907ರಲ್ಲೇ ಒಪ್ಪಂದ ಮಾಡಿಕೊಂಡು ಆ ದೇಶವನ್ನು ತಮ್ಮ ತಮ್ಮ ಪ್ರಭಾವವಲಯಗಳಾಗಿ ಹಂಚಿಕೊಂಡಿದ್ದರು. ಕಾಲು ಶತಮಾನ ಕಳೆಯುವಷ್ಟರಲ್ಲಿ ಅದೇ ಕಮ್ಮಾರನನ್ನು ಬ್ರಿಟಿಷರು ಜರ್ಮನರ ವಿರುದ್ಧ ನಿಲ್ಲಿಸಿದರು. ಕೆಮ್‌ನ ಕಾರ್ಡುಗಳು ಅಚ್ಚಾಗುವಾಗ ಲಂಡನ್ನಿನಲ್ಲಿ ಇರಾನಿನ ರಾಜಪ್ರತಿನಿಧಿಯಾಗಿದ್ದವರು ಯಾರು ಗೊತ್ತೇ? ಅದೇ ತಕೀಜಾದಾ. ಕಥೆ ಬರೆಯುವವನು ಇಂಥದ್ದನ್ನು ಕಲ್ಪಿಸಿ ಬರೆದರೆ ಓದುಗರು ನಂಬಲಾರರು.

ಹೊರಗಿನವರ ಹಣ, ಹೊರಗಿನವರ ಉದ್ದೇಶ ಏನೇ ಇರಲಿ, ಇರಾನಿನ ಸ್ವಂತ ವಿಡಂಬನೆಗೆ ಬೇರೆಯೇ ಬೆಲೆ ತೆರಬೇಕಾಗಿತ್ತು. 1907ರಲ್ಲಿ ಶುರುವಾದ 'ಸೂರೆ ಇಸ್ರಾಫೀಲ್' ಪತ್ರಿಕೆಯಲ್ಲಿ ದೆಹ್‌ಖುದಾ ಬರೆಯುತ್ತಿದ್ದ ಹಾಸ್ಯದ ಅಂಕಣ ದೊರೆಯನ್ನೂ ಬಿಡಲಿಲ್ಲ, ಕಪಟ ಧರ್ಮಗುರುಗಳನ್ನೂ ಬಿಡಲಿಲ್ಲ. ಮರುವರ್ಷ ದೊರೆ ಪಾರ್ಲಿಮೆಂಟಿನ ಮೇಲೆ ಫಿರಂಗಿ ಹಾರಿಸಿದಾಗ ಪತ್ರಿಕೆಯ ಸಂಪಾದಕ ಮಿರ್ಜಾ ಜಹಾಂಗೀರ್ ಖಾನರನ್ನು ಹಿಡಿದು ಕೊಂದರು. ಸಚಿವಾಲಯದ ಸಂಬಳದಲ್ಲಿ ಬರೆದ ಕೆಮ್‌ನಿಗೆ ಆ ಭಯವಿರಲಿಲ್ಲ.

ಕೆಮ್‌ನ ರೇಖೆಗಳ ದೊಡ್ಡ ಸಂಗ್ರಹ ಈಗ ಕೆಂಟ್ ವಿಶ್ವವಿದ್ಯಾಲಯದ ವ್ಯಂಗ್ಯಚಿತ್ರ ಭಂಡಾರದಲ್ಲಿದೆ. ಹಂಚಿ ಮುಗಿದ ಮೇಲೆ ಹರಿದುಹೋಗಲೆಂದೇ ಹುಟ್ಟಿದ ಕಾಗದಗಳು ಹೀಗೆ ಯಾರೋ ಎತ್ತಿಟ್ಟು, ಯಾರೋ ಒಪ್ಪಿಸಿ ಉಳಿದುಕೊಂಡವು. ಬ್ರಿಟಿಷ್ ಲೈಬ್ರರಿಯಲ್ಲಿ ಒಪ್ಪಿಸದೆಯೇ ಬಂದ ಪಾರಸೀ ಪುಸ್ತಕಗಳೂ ಇವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನರ ಗ್ರಂಥಭಂಡಾರದಿಂದ ಹೊತ್ತೊಯ್ದ ಹಸ್ತಪ್ರತಿಗಳು ಕೆಲವು ಕಲ್ಕತ್ತೆಗೆ, ಕೆಲವು ಲಂಡನ್ನಿಗೆ ಹೋದವು. ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಅವುಗಳ ಪಟ್ಟಿ ಪ್ರಕಟಿಸಿದ. ಕೆಮ್‌ನ ಹಿಟ್ಲರ್ ಮತ್ತು ಟಿಪ್ಪುವಿನ ಪುಸ್ತಕಗಳು ಇಂದು ಒಂದೇ ಸೂರಿನಡಿ ಇವೆ.

ಕೆಮ್‌ನ ಕೊನೆಯ ಕಾರ್ಡಿನಲ್ಲಿ ಜಹ್ಹಾಕನನ್ನು ಕಟ್ಟಿಹಾಕಿದ್ದಾರೆ. ಶಾಹ್‌ನಾಮೆಯಲ್ಲಿ ಫರೀದೂನ್ ಅವನನ್ನು ಕೊಲ್ಲುವುದಿಲ್ಲ. ದಮಾವಂದ್ ಬೆಟ್ಟದ ಗುಹೆಯಲ್ಲಿ ಜೀವಂತ ಬಿಗಿದು ಬರುತ್ತಾನೆ. ಆಕಾಶ ತಿಳಿಯಾಗಿದ್ದರೆ ತೆಹರಾನಿನಿಂದ ಆ ಬೆಟ್ಟ ಕಾಣುತ್ತದೆ. 1943ರ ನವೆಂಬರ್ 28ರಂದು ಕಾರ್ಡಿನ ಮೂವರು ಯೋಧರೂ ನಿಜವಾಗಿಯೇ ತೆಹರಾನಿಗೆ ಬಂದು ಸಭೆ ಸೇರಿದರು. ಬ್ರಿಟಿಷ್ ಸೈನ್ಯ ಇರಾನನ್ನು ಬಿಟ್ಟು ಹೊರಟದ್ದು 1946ರ ಮಾರ್ಚ್ ಹೊತ್ತಿಗೆ. ರಷ್ಯದ ಸೈನ್ಯ ಮೇ ತಿಂಗಳವರೆಗೂ ಅಲ್ಲೇ ಇತ್ತು.